ಹೇರಳೆಹುಳಿ, ಉಪ್ಪು ಮತ್ತು 30 ಎಂಎಲ್

ಎಚ್.ಡಿ. ಕೋಟೆಯಲ್ಲಾಗಲಿ ಹುಣಸೂರಿನಲ್ಲಾಗಲಿ ಬಾರಿನ ಕೌಂಟರಿನಲ್ಲಿ ಬರೀ ‘ಬಿಯರ್ ಕೊಡಿ’ ಅಂದರೆ ಕೈಗೆ ಬರುವುದು ಸ್ಟ್ರಾಂಗ್. ಮೈಲ್ಡ್ ಬೇಕು ಅಂದರೆ ಹುಡುಗ ಒಳಗೆ ಹೋಗಿ ಹುಡುಕಬೇಕು. ಸಿಕ್ಕರೂ ಅದು ರ‍್ಯಾಕಿನಲ್ಲಿ ಬೆಚ್ಚಗೆ ಕೂತ ಬಾಟಲಿ, ಫ್ರಿಜ್ಜಿನದ್ದಲ್ಲ. ಕೊಟ್ಟ ಕಾಸಿಗೆ ‘ಏರಬೇಕು’ ಎನ್ನುವ ಲೆಕ್ಕ ನಮ್ಮಲ್ಲಿ ಅಷ್ಟು ಗಟ್ಟಿಯಾಗಿದೆ. ನನ್ನ ವಾದ ಇದಕ್ಕೆ ಉಲ್ಟಾ. ಬೇಸಗೆಯ ಸಂಜೆ ತಂಪಿಗೆಂದು ಕುಡಿಯುವುದಾದರೆ ಅದು ಸಪೂರವಾಗಿರಬೇಕು, ಅಳೆದದ್ದಾಗಿರಬೇಕು, ಮನೆಯಲ್ಲೇ ಬೆರೆಸಿದ್ದಾಗಿರಬೇಕು.

ಕಬಿನಿ ಹಿನ್ನೀರಿನ ದಡದ ರೆಸಾರ್ಟೊಂದರ ಬಾರಿನಲ್ಲಿ ದುಡಿದು, ಈಗ ಅಂತರಸಂತೆ ಕಡೆ ಶುಂಠಿ, ರಾಗಿ ಬೆಳೆದುಕೊಂಡಿರುವವನು ನಾನು. ಸಫಾರಿ ಮುಗಿಸಿ ಜೀಪಿನಿಂದ ಧೂಳು ಕೊಡವುತ್ತಾ ಇಳಿದ ಅತಿಥಿಗಳಲ್ಲಿ ಕೆಲವರು ವಿಸ್ಕಿ ಕೇಳುತ್ತಿರಲಿಲ್ಲ. ಬಿಯರಿಗೆ ನಿಂಬೆಹುಳಿ, ಉಪ್ಪು, ಒಂದಿಷ್ಟು ಟಕೀಲಾ ಹಾಕಿಕೊಡಿ ಅನ್ನುತ್ತಿದ್ದರು. ಮೆಕ್ಸಿಕೊದಲ್ಲಿ ಬಿಯರಿಗೆ ನಿಂಬೆ, ಉಪ್ಪು, ಖಾರದ ಸಾಸ್ ಬೆರೆಸಿ ‘ಮಿಚೆಲಾಡ’ ಅಂತ ಕುಡಿಯುತ್ತಾರೆ. ಅಮೆರಿಕದ ಮನೆಗಳಲ್ಲಿ ಬಿಯರು, ಟಕೀಲಾ, ನಿಂಬೆ ಶರಬತ್ತಿನ ಗಟ್ಟಿ ಮೂರನ್ನೂ ಜಗ್ಗಿಗೆ ಸುರಿದು ಬೆರೆಸುತ್ತಾರೆ. ಆ ಜಗ್ಗಿನ ಪದ್ಧತಿ ನನಗೆ ಒಪ್ಪಿಗೆಯಿಲ್ಲ. ಯಾರ ಲೋಟಕ್ಕೆ ಎಷ್ಟು ಹೋಯಿತು ಎಂದು ಅಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ಮಾಡುವುದು ಹೀಗೆ. ನಿಂಬೆಯ ಬದಲು ಹಿತ್ತಲಿನ ಹೇರಳೆಕಾಯಿ. ಉಪ್ಪಿನಕಾಯಿಗೂ ಚಿತ್ರಾನ್ನಕ್ಕೂ ಬಳಸುತ್ತೇವಲ್ಲ, ಅದೇ. ಅದರ ಹುಳಿಯಲ್ಲಿ ಒಂದು ಘಮ, ಕೊನೆಗೆ ಸಣ್ಣ ಕಹಿ ಇರುತ್ತದೆ. ಬಿಯರಿನ ಕಹಿಯ ಜೊತೆ ಅದು ಜಗಳವಾಡುವುದಿಲ್ಲ. ಉದ್ದನೆಯ ಗಾಜಿನ ಲೋಟದ ಬಾಯಿಗೆ ಹೇರಳೆ ಹೋಳು ಸವರಿ, ಉಪ್ಪು ಮತ್ತು ಬ್ಯಾಡಗಿ ಮೆಣಸಿನಪುಡಿ ಹರಡಿದ ತಟ್ಟೆಯ ಮೇಲೆ ಕವುಚಿ ಒಂದು ಸುತ್ತು ತಿರುಗಿಸಬೇಕು. ಉಪ್ಪು ಬರೀ ಅಂದಕ್ಕಲ್ಲ, ಅದು ನಾಲಿಗೆಯ ಮೇಲೆ ಕಹಿಯನ್ನು ತಗ್ಗಿಸುತ್ತದೆ. ಲೋಟಕ್ಕೆ ಐಸು, 20 ಎಂಎಲ್ ಹೇರಳೆ ರಸ, ಹಸಿಶುಂಠಿ ಜಜ್ಜಿ ಹಿಂಡಿದ ರಸ ಒಂದು ಚಮಚ, ಕಾಯಿಸಿ ಸೋಸಿದ ಬೆಲ್ಲದ ಪಾಕ ಮೂರು ಚಮಚ. ಇವಕ್ಕೆ 30 ಎಂಎಲ್ ಟಕೀಲಾ ಹಾಕಿ ಚೆನ್ನಾಗಿ ಕಲಕಬೇಕು. ಕಲಕುವುದೆಲ್ಲ ಇಲ್ಲಿಗೇ ಮುಗಿಯಬೇಕು. ಆಮೇಲೆ ಲೋಟ ಓರೆ ಹಿಡಿದು, ಒಳಗೋಡೆಗುಂಟ ಇಳಿಯುವ ಹಾಗೆ 200 ಎಂಎಲ್ ಮೈಲ್ಡ್ ಬಿಯರ್ ಸುರಿದು, ಚಮಚವನ್ನು ತಳದಿಂದ ಒಂದು ಸಲ ಮೇಲೆತ್ತಿದರೆ ಸಾಕು. ಹೆಚ್ಚು ಕದಡಿದರೆ ಗ್ಯಾಸು ಹೋಗಿ ಸಪ್ಪೆಯಾಗುತ್ತದೆ.

ಬಿಯರ್ ತಣ್ಣಗಿರಲೇಬೇಕು. ಬೆಚ್ಚಗಿನ ಬಿಯರಿನಲ್ಲಿ ಗ್ಯಾಸು ಕರಗಿ ನಿಲ್ಲುವುದಿಲ್ಲ, ಸುರಿದ ತಕ್ಷಣ ನೊರೆಯಾಗಿ ಹೊರಗೆ ಬರುತ್ತದೆ. ಕೋಟೆಯಿಂದ ಬೈಕಿನ ಬ್ಯಾಗಿನಲ್ಲಿ ಕುಲುಕಾಡಿಕೊಂಡು ಬಂದ ಬಾಟಲಿಯನ್ನು ಬಂದ ಕೂಡಲೇ ತೆರೆಯಬೇಡಿ. ಫ್ರಿಜ್ಜಿನಲ್ಲಿ ನೆಟ್ಟಗೆ ನಿಲ್ಲಿಸಿ, ಸಂಜೆವರೆಗೆ ಬಿಡಿ. ಬಿಸಿಲಿಗೆ ಮಾತ್ರ ಇಡಲೇಬಾರದು. ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ಕಮಟು ವಾಸನೆ ಹಿಡಿಯುತ್ತದೆ. ಬಾಟಲಿ ಕಂದು ಬಣ್ಣದ್ದಾಗಿರುವುದು ಅದನ್ನು ತಡೆಯುವುದಕ್ಕೇ.

ಈಗ ಲೆಕ್ಕಕ್ಕೆ ಬರುತ್ತೇನೆ. ನಾನು ಇದನ್ನು ಬರೆಯಲು ಕುಳಿತದ್ದೇ ಅದಕ್ಕಾಗಿ. 650 ಎಂಎಲ್‌ನ ಸ್ಟ್ರಾಂಗ್ ಬಾಟಲಿಯಲ್ಲಿ ನೂರಕ್ಕೆ 8ರಂತೆ ಅಪ್ಪಟ ಮದ್ಯಸಾರ 52 ಎಂಎಲ್. 60 ಎಂಎಲ್‌ನ ಒಂದು ಲಾರ್ಜ್ ವಿಸ್ಕಿಯಲ್ಲಿ ಇರುವುದು ಸುಮಾರು 26. ಅಂದರೆ ‘ಬರೀ ಒಂದು ಬಿಯರ್ ಹಾಕಿದೆ’ ಅನ್ನುವವನು ಎರಡು ಲಾರ್ಜ್ ಕುಡಿದಿರುತ್ತಾನೆ. ಮೇಲೆ ಹೇಳಿದ ನಮ್ಮ ಲೋಟದಲ್ಲಿ ಟಕೀಲಾದಿಂದ 12, ಮೈಲ್ಡ್ ಬಿಯರಿನಿಂದ 10, ಒಟ್ಟು 22 ಎಂಎಲ್. ಒಂದು ಲಾರ್ಜಿಗೂ ಕಡಿಮೆ. ಅದೇ ಲೋಟಕ್ಕೆ ಅಳತೆಯಿಲ್ಲದೆ ಟಕೀಲಾ 60 ಬಿದ್ದು, ಮೇಲೆ 330 ಎಂಎಲ್ ಸ್ಟ್ರಾಂಗ್ ಸುರಿದರೆ 50ಕ್ಕೆ ಏರುತ್ತದೆ. ಹುಳಿ, ಸಿಹಿ, ತಂಪು ಸೇರಿ ಖಾರವನ್ನು ಮುಚ್ಚಿಬಿಡುವುದರಿಂದ ಏರಿದ್ದು ಬಾಯಿಗೆ ತಿಳಿಯುವುದಿಲ್ಲ, ಎದ್ದು ನಿಂತಾಗ ತಿಳಿಯುತ್ತದೆ. ಅದಕ್ಕೇ ಹೇಳುವುದು, ಟಕೀಲಾ ಬಾಟಲಿಗಿಂತ ಮೊದಲು ಒಂದು ಪೆಗ್ ಮೆಜರ್ ತನ್ನಿ. ಸ್ಟೀಲಿನದು, ಒಂದು ಕಡೆ 30, ಇನ್ನೊಂದು ಕಡೆ 60 ಇರುತ್ತದೆ. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಅಳತೆ ಮುಚ್ಚಳವಾದರೂ ಆದೀತು.

ಟಕೀಲಾ ಬಗ್ಗೆ ಒಂದು ಮಾತು. ಅದು ನಮಗೆ ಪರದೇಶಿ ಹೆಸರು, ಗಿಡ ಅಷ್ಟೇನೂ ಪರದೇಶಿಯಲ್ಲ. ಮೆಕ್ಸಿಕೊದ ಹಲಿಸ್ಕೊ ಮತ್ತು ಇನ್ನು ನಾಲ್ಕು ರಾಜ್ಯಗಳ ಗೊತ್ತುಪಡಿಸಿದ ಊರುಗಳಲ್ಲಿ, ನೀಲಿ ಅಗಾವೆಯಿಂದ ತಯಾರಾದದ್ದಕ್ಕೆ ಮಾತ್ರ ಟಕೀಲಾ ಎನ್ನಬಹುದು. 1974ರಿಂದ ಆ ಹೆಸರಿಗೆ ಅಲ್ಲಿ ಕಾನೂನಿನ ಕಾವಲಿದೆ. ಏಳೆಂಟು ವರ್ಷ ಬೆಳೆದ ಗಿಡದ ಎಲೆಗಳನ್ನೆಲ್ಲ ಸವರಿ, ನಡುವಿನ ಗಡ್ಡೆಯನ್ನು ಬೇಯಿಸಿ, ಅರೆದು, ಹುಳಿಯಿಸಿ, ಎರಡು ಸಲ ಬಟ್ಟಿ ಇಳಿಸುತ್ತಾರೆ. ನಮ್ಮ ಬದುಗಳ ಕತ್ತಾಳೆ ಇದರ ದಾಯಾದಿ. ನಮ್ಮ ಹಿರಿಯರು ಅದನ್ನು ಕಂಡದ್ದು ನಾರಿಗಾಗಿ. ಎಲೆ ಕೊಯ್ದು ಕೆರೆಯಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ದನದ ಕಣ್ಣಿ, ಹಗ್ಗ ಹೊಸೆಯುತ್ತಿದ್ದರು. ರಸ ತಗುಲಿದ ಮುಂಗೈ ದದ್ದೆದ್ದು ರಾತ್ರಿಯೆಲ್ಲ ತುರಿಸುತ್ತಿತ್ತು. ನೈಲಾನ್ ಹಗ್ಗ ಬಂದ ಮೇಲೆ ಕತ್ತಾಳೆಯನ್ನು ಕೇಳುವವರಿಲ್ಲ. ನೆರೆಯ ಆಂಧ್ರದ ಚಿತ್ತೂರು ಜಿಲ್ಲೆಯಲ್ಲಿ ಡೆಸ್ಮಂಡ್ ನಜರೆತ್ ಎಂಬುವರು ದಖ್ಖನಿನ ಇದೇ ಕಾಡು ಕತ್ತಾಳೆಯಿಂದ ಬಟ್ಟಿ ಇಳಿಸಿ 2011ರ ಹೊತ್ತಿಗೆ ಮಾರುಕಟ್ಟೆಗೆ ತಂದರು. ಟಕೀಲಾ ಎನ್ನುವಂತಿಲ್ಲವಾದ್ದರಿಂದ ಅಗಾವೆ ಮದ್ಯ ಎಂದೇ ಮಾರುತ್ತಾರೆ. ಈ ಲೋಟಕ್ಕೆ ಅದೂ ಹೊಂದುತ್ತದೆ. ಹಾಗಂತ ಬದುವಿನ ಕತ್ತಾಳೆ ಕಡಿದು ಮನೆಯಲ್ಲಿ ಬಟ್ಟಿ ಇಳಿಸಲು ಯಾರೂ ಹೋಗಬೇಡಿ. ಬೆರೆಸುವುದು ಬೇರೆ, ಇಳಿಸುವುದು ಬೇರೆ. ಎರಡನೆಯದು ಅಪರಾಧ, ಪ್ರಾಣಕ್ಕೂ ಅಪಾಯ.

ಕುಡಿತದಿಂದ ಹಾಳಾದ ಮನೆಗಳು ನಮ್ಮ ತಾಲ್ಲೂಕಿನಲ್ಲಿ, ಹಾಡಿಗಳಲ್ಲಿ ಎಷ್ಟಿವೆ ಎಂಬುದು ಎಲ್ಲರಿಗೂ ಗೊತ್ತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಆ ಜಾಗಕ್ಕೆ ನೈಂಟಿ ಪ್ಯಾಕೆಟ್ ಬಂತು. ಕೂಲಿ ಮುಗಿಸಿ ಬಂದವನು ಅಂಗಡಿ ಮುಂದೆ ನಿಂತೇ, ನೀರೂ ಬೆರೆಸದೆ, ಒಂದೇ ಉಸಿರಿಗೆ ಕುಡಿದು ಕವರು ಎಸೆದು ಹೋಗುತ್ತಾನೆ. ಹೊಟ್ಟೆಯಲ್ಲಿ ಅನ್ನವಿಲ್ಲ, ಪಕ್ಕದಲ್ಲಿ ಮಾತಾಡುವವರಿಲ್ಲ. ಕುಡಿಯದವರಿಗೆ ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ಕುಡಿಯದಿರುವುದೇ ಆರೋಗ್ಯಕ್ಕೆ ಲೇಸು. ಕುಡಿಯುವವರು ನಿಂತು ಕುಡಿಯುವುದನ್ನು ಬಿಟ್ಟು ಮನೆಯ ಜಗಲಿಯಲ್ಲಿ ಕೂರಲಿ ಎಂಬುದಷ್ಟೇ ನನ್ನ ಮಾತು. ಮೊದಲು ಒಂದು ಲೋಟ ಮಜ್ಜಿಗೆ ಕುಡಿದು ಬಾಯಾರಿಕೆ ತೀರಿಸಿಕೊಳ್ಳಬೇಕು. ಮದ್ಯ ಬಾಯಾರಿಕೆ ನೀಗುವುದಿಲ್ಲ, ಮೈಯ ನೀರನ್ನೇ ಹೊರಹಾಕುತ್ತದೆ. ಹೊಗೆಸೊಪ್ಪಿನ ಬ್ಯಾರನ್ ಮುಂದೆ ರಾತ್ರಿ ಬೆಂಕಿ ಕಾಯುವ ಹುಣಸೂರು, ಪಿರಿಯಾಪಟ್ಟಣದ ಹುಡುಗರಿಗಂತೂ ಇದು ತಿಳಿದಿರಬೇಕು. ನೆಂಚಿಕೊಳ್ಳಲು ಬೇಯಿಸಿದ ಕಡಲೆಕಾಯಿಯೋ ಹುರುಳಿಕಾಳಿನ ಉಸಲಿಯೋ ಇರಲಿ. ಹೆಂಡತಿ ಮಕ್ಕಳಿಗೂ ಅದೇ ಹೇರಳೆ, ಶುಂಠಿ, ಬೆಲ್ಲಕ್ಕೆ ನೀರು ಬೆರೆಸಿದರೆ ಒಳ್ಳೆಯ ಪಾನಕ. ಕುಡಿದವನು ಬೈಕಿನ ಕೀಲಿ ಮನೆಯವರ ಕೈಗೆ ಕೊಟ್ಟಿರಬೇಕು. ಅಂತರಸಂತೆ ರಸ್ತೆಯಲ್ಲಿ ಕತ್ತಲಾದ ಮೇಲೆ ತಿರುವಿನಲ್ಲಿ ಆನೆ ನಿಂತಿದ್ದರೆ ಎಚ್ಚರ ಇದ್ದವನಿಗೇ ಬ್ರೇಕು ಸಿಗುವುದು ಕಷ್ಟ.

ಬಾರು, ವೈನ್ ಶಾಪಿನವರಲ್ಲಿ ನನ್ನದೊಂದು ಕೋರಿಕೆ. ಫ್ರಿಜ್ಜಿನ ಒಂದು ಅಂಕಣವನ್ನಾದರೂ ಮೈಲ್ಡ್ ಬಿಯರಿಗೆ ಬಿಡಿ, ಅದೂ 330 ಎಂಎಲ್‌ನ ಸಣ್ಣ ಬಾಟಲಿಗೆ. ಗಿರಾಕಿ ‘ಬಿಯರ್’ ಎಂದಾಗ ಸ್ಟ್ರಾಂಗ್ ತೆಗೆದಿಡುವ ಮೊದಲು ಯಾವುದು ಬೇಕು ಎಂದು ಒಂದು ಮಾತು ಕೇಳಿ.