ಕೋವಿಯ ನಳಿಗೆಗೆ ಕಣ್ಣೇಕೆ?

ಕೋವಿಯ ನಳಿಗೆಗೆ ಬೆರಳುದ್ದದ ಕ್ಯಾಮೆರಾ ಬಿಗಿದುಕೊಂಡು ಕಾಡಿಗೆ ಹೊರಡುವ ಶೋಕಿ ಅಮೆರಿಕ, ಕೆನಡಾ, ಯುರೋಪುಗಳಲ್ಲಿ ಬೇರುಬಿಟ್ಟು ದಶಕ ದಾಟಿದೆ. ಬಂದೂಕು, ಬಿಲ್ಲು, ಗಾಳದ ಕೋಲುಗಳಿಗೆ ಕ್ಯಾಮೆರಾ ಕೂರಿಸುವ ಹಿಡಿಕೆಯನ್ನು ಗೋಪ್ರೊ ಕಂಪನಿಯೇ ತಯಾರಿಸಿ ಮಾರಿತು. ಹಾಗೆ ತೆಗೆದ ಚಿತ್ರಗಳಲ್ಲಿ ಒಂದು ವಿಚಿತ್ರ ಸಾಮ್ಯವಿದೆ. ಕೆಳ ಅಂಚಿನಲ್ಲಿ ನಳಿಗೆ, ಮೇಲೆ ಮರಗಿಡ, ನಡುವೆ ಏನೂ ಅರಿಯದೆ ಮೇಯುತ್ತಿರುವ ಒಂದು ಜೀವ. ಬೇಟೆಗಾರನ ಮುಖ ಮಾತ್ರ ಎಲ್ಲಿಯೂ ಇಲ್ಲ. ನೋಡುವವನ ಕಣ್ಣೇ ಗುರಿಯಿಡುವ ಕಣ್ಣಾಗಿಬಿಡುತ್ತದೆ. ಕೊಂದ ಹೊಣೆ ಹೊರದೆಯೇ ಕೊಂದ ಸುಖವನ್ನು ಸಾವಿರಾರು ಜನ ಹಂಚಿಕೊಳ್ಳುತ್ತಾರೆ.

ಇದು ದೂರದ ದೇಶದ ಹುಚ್ಚೆಂದು ಕೈ ತೊಳೆದುಕೊಳ್ಳುವ ಸ್ಥಿತಿಯಲ್ಲಿ ಮಲೆನಾಡಿಲ್ಲ. ಹಣೆಗೆ ಬ್ಯಾಟರಿ ಕಟ್ಟಿಕೊಂಡು ರಾತ್ರಿ ಕಾಡು ಹೊಕ್ಕವರು ತೆಗೆದ ಇಂಥ ತುಣುಕುಗಳು ಇಲ್ಲಿನ ಮೊಬೈಲುಗಳಲ್ಲಿಯೂ ಅಪರೂಪವಲ್ಲ. ಆದ್ದರಿಂದ ಈ ಪುಟ್ಟ ಯಂತ್ರ ಬೇಟೆಗೆ ಏನನ್ನು ಸೇರಿಸಿತು ಎಂಬ ಪ್ರಶ್ನೆಯನ್ನು ಇಲ್ಲಿಯೇ, ಈಗಲೇ ಎತ್ತಬೇಕಾಗಿದೆ. ಸೇರಿಸಿದ್ದು ಬರಿಯ ಒಂದು ಕಣ್ಣನ್ನಲ್ಲ. ಕೊಲ್ಲುವುದಕ್ಕೆ ಹೊಸದೊಂದು ಕಾರಣವನ್ನು.

ಕೋವಿ ಮತ್ತು ಕ್ಯಾಮೆರಾಗಳ ನಂಟು ಹಳೆಯದು. 1882ರಲ್ಲಿ ಫ್ರಾನ್ಸಿನ ಶರೀರಕ್ರಿಯಾ ವಿಜ್ಞಾನಿ ಎತಿಯೆನ್ ಜೂಲ್ ಮಾರೆ ಬಂದೂಕಿನ ಆಕಾರದ ಕ್ಯಾಮೆರಾವೊಂದನ್ನು ರೂಪಿಸಿದ. ಹಾರುವ ಹಕ್ಕಿಯತ್ತ ಗುರಿಯಿಟ್ಟು ಕುದುರೆ ಎಳೆದರೆ ಸೆಕೆಂಡಿಗೆ 12 ಚಿತ್ರಗಳು ಮೂಡುತ್ತಿದ್ದವು, ಹಕ್ಕಿ ತನ್ನ ಪಾಡಿಗೆ ಹಾರಿ ಹೋಗುತ್ತಿತ್ತು. ರೆಕ್ಕೆಯ ಚಲನೆಯನ್ನು ಅರಿಯುವುದಕ್ಕೆ ಹಕ್ಕಿ ಸಾಯಬೇಕಿಲ್ಲವೆಂದು ಆ ಬಂದೂಕು ತೋರಿಸಿಕೊಟ್ಟಿತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ನಂಟು ತಿರುಗುಮುರುಗಾಯಿತು. ಯುದ್ಧವಿಮಾನಗಳ ಬಂದೂಕುಗಳೊಡನೆ ಜೋಡಿಸಿದ ಕ್ಯಾಮೆರಾ, ಗುಂಡು ಹಾರಿದೊಡನೆ ತಾನೂ ಓಡತೊಡಗುತ್ತಿತ್ತು. ಎಷ್ಟು ಶತ್ರುಗಳು ಉರುಳಿದರೆಂಬ ಲೆಕ್ಕಕ್ಕೆ ಅದು ಸಾಕ್ಷಿ. ಇಂದಿನ ಬೇಟೆಗಾರನ ನಳಿಗೆಯ ಮೇಲೆ ಕುಳಿತಿರುವುದು ಮಾರೆಯ ಕಣ್ಣಲ್ಲ, ಈ ಯುದ್ಧದ ಕಣ್ಣು.

ಆದರೆ ಭಾರತದ ಕಾಡುಗಳಲ್ಲಿ ನಡೆದ ಪಯಣದ ದಿಕ್ಕು ಬೇರೆಯೇ ಆಗಿತ್ತು. ಅರಣ್ಯಾಧಿಕಾರಿ ಎಫ್. ಡಬ್ಲ್ಯು. ಚಾಂಪಿಯನ್, ಹುಲಿ ತಾನೇ ಎಡವಿ ತನ್ನ ಚಿತ್ರ ತೆಗೆದುಕೊಳ್ಳುವಂತೆ ದಾರಿಗೆ ತಂತಿ ಕಟ್ಟಿ, ಅಂಥ ಚಿತ್ರಗಳ ಪುಸ್ತಕವನ್ನು 1927ರಲ್ಲಿ ಹೊರತಂದರು. ಅವರಿಂದ ಪ್ರೇರಿತರಾದ ಜಿಮ್ ಕಾರ್ಬೆಟ್ ಕೋವಿಯ ಬದಲು ಸಿನಿ ಕ್ಯಾಮೆರಾ ಹಿಡಿದು ಹುಲಿಗಳ ಹಿಂದೆ ಅಲೆದರು. ಕರ್ನಾಟಕದಲ್ಲಿ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆಯವರಂಥವರು ವನ್ಯಜೀವಿ ಛಾಯಾಗ್ರಹಣವನ್ನು ಒಂದು ತಪಸ್ಸಿನಂತೆ ನಡೆಸಿದರು. ಯೌವನದಲ್ಲಿ ಕೋವಿ ಹೆಗಲಿಗೇರಿಸಿ ಕಾಡು ಸುತ್ತಿದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿ ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಕಾದು ಕುಳಿತರು. ಕೋವಿಯನ್ನು ಕೆಳಗಿಟ್ಟು ಕ್ಯಾಮೆರಾ ಎತ್ತಿಕೊಂಡ ಈ ಪರಂಪರೆಯನ್ನು ಇಂದು ಹಿಂದುಮುಂದಾಗಿ ನಡೆಸಲಾಗುತ್ತಿದೆ.

ಇದರ ಪರಿಣಾಮವನ್ನು 2016ರಲ್ಲಿ ಕೆನಡಾದ ಆಲ್ಬರ್ಟಾ ಪ್ರಾಂತ್ಯ ಕಂಡಿತು. ಅಮೆರಿಕದ ಬೇಟೆಗಾರನೊಬ್ಬ ಭರ್ಜಿಗೆ ಕ್ಯಾಮೆರಾ ಕಟ್ಟಿ ಕಪ್ಪು ಕರಡಿಯೊಂದರ ಮೇಲೆ ಎಸೆದ. ಇರಿತಕ್ಕೆ ಸಿಕ್ಕ ಕರಡಿ ಕಾಡಿನೊಳಕ್ಕೆ ಓಡಿತು, ಈತ ಕುಣಿದಾಡಿದ, ಚಿತ್ರ ಜಗತ್ತಿಗೆಲ್ಲ ಹರಡಿತು. ಆಗ ಅಲ್ಲಿ ಭರ್ಜಿಯ ಬೇಟೆಗೆ ನಿಷೇಧವಿರಲಿಲ್ಲ. ಜನರ ಆಕ್ರೋಶ ಭುಗಿಲೆದ್ದ ಮೇಲೆ ಪ್ರಾಂತೀಯ ಸರ್ಕಾರ ಅದನ್ನು ನಿಷೇಧಿಸುವುದಾಗಿ ಸಾರಿತು. ಇಲ್ಲಿ ಕೇಳಬೇಕಾದ ಪ್ರಶ್ನೆಯೊಂದಿದೆ. ಗುಂಡು ಹಾರಿಸುವ ಕೋವಿ ಕೈಗೆಟುಕುವ ಕಾಲದಲ್ಲಿ ಭರ್ಜಿಯೇಕೆ ಬೇಕಾಯಿತು? ಆಹಾರಕ್ಕಲ್ಲ, ಆತ್ಮರಕ್ಷಣೆಗಲ್ಲ. ನೋಡುವವರು ಹಿಂದೆ ಕಂಡಿರದ ಸಾವೊಂದನ್ನು ತೋರಿಸುವುದಕ್ಕೆ. ಪ್ರೇಕ್ಷಕನಿಗೆ ನಿನ್ನೆಯ ಸಾವು ಇಂದು ಹಳಸಲು. ಉಣ್ಣುವವನ ಹೊಟ್ಟೆಗೆ ಒಂದು ಮಿತಿಯುಂಟು. ನೋಡುವವನ ಕಣ್ಣಿಗೆ ಇಲ್ಲ.

ಕ್ಯಾಮೆರಾವಿದ್ದರೆ ಬೇಟೆಗಾರ ನಿಯಮ ಮೀರುವುದಿಲ್ಲ, ಅದೊಂದು ಸಾಕ್ಷಿ ಎಂಬ ಸಮರ್ಥನೆಯೂ ಕೇಳಿಬರುತ್ತದೆ. ಸಾಕ್ಷಿ ಯಾರ ಕೈಯಲ್ಲಿದೆ ಎಂಬುದರ ಮೇಲೆ ಸತ್ಯ ನಿಂತಿದೆ. 2018ರಲ್ಲಿ ಅಲಾಸ್ಕಾದ ದ್ವೀಪವೊಂದರಲ್ಲಿ ತಂದೆ ಮತ್ತು ಮಗ ಗುಹೆಯಲ್ಲಿದ್ದ ತಾಯಿ ಕರಡಿಯನ್ನೂ ಅದರ ಮರಿಗಳನ್ನೂ ಗುಂಡಿಟ್ಟು ಕೊಂದರು. ಕರಡಿಗಳ ಅಧ್ಯಯನಕ್ಕೆಂದು ಅಲ್ಲಿ ಇರಿಸಿದ್ದ ಕ್ಯಾಮೆರಾ ಎಲ್ಲವನ್ನೂ ದಾಖಲಿಸಿಕೊಂಡಿತ್ತು. 2019ರಲ್ಲಿ ತಂದೆಗೆ 3 ತಿಂಗಳ ಸೆರೆವಾಸವಾಯಿತು, 10 ವರ್ಷ ಬೇಟೆಯ ಪರವಾನಗಿ ಇಲ್ಲವಾಯಿತು. ಅದು ವಿಜ್ಞಾನದ ಕ್ಯಾಮೆರಾ. ಕೊಂದವನ ಬೆರಳಿಗೆ ಅದರ ಮೇಲೆ ಅಧಿಕಾರವಿರಲಿಲ್ಲ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ಉಲ್ಲಾಸ ಕಾರಂತರು ಪಟ್ಟೆಗಳ ಗುರುತಿನಿಂದ ಹುಲಿಗಳನ್ನು ಎಣಿಸಲು ಬಳಸಿದ್ದೂ ಇಂಥ ಕ್ಯಾಮೆರಾಗಳನ್ನೇ. ನಳಿಗೆಯ ಕ್ಯಾಮೆರಾವಾದರೋ ನಳಿಗೆ ತಿರುಗಿದತ್ತ ಮಾತ್ರ ನೋಡುತ್ತದೆ. ತಪ್ಪಿದ ಗುಂಡನ್ನು ಕತ್ತರಿಸಿ ಎಸೆಯಬಹುದು. ಕರುಳು ಹರಿದು ಪೊದೆಯಲ್ಲಿ ಎರಡು ದಿನ ನರಳುವ ಮಿಕ ಅದರ ಚೌಕಟ್ಟಿಗೆ ಬರುವುದೇ ಇಲ್ಲ.

ಮಲೆನಾಡಿನ ಹಳೆಯ ಬೇಟೆ ಪುಣ್ಯಕಾರ್ಯವೇನೂ ಆಗಿರಲಿಲ್ಲ. ಕಾಡು ಬರಿದಾದುದರಲ್ಲಿ ಅದರ ಪಾಲೂ ಇದೆ. ಆದರೂ ಹಳು ಸೋವುವವರು, ಬಿಲ್ಲಿಗೆ ನಿಂತ ಈಡುಗಾರ, ನಾಯಿಗಳು, ಕೊನೆಗೆ ಊರಿಗೆಲ್ಲ ಪಾಲು ಎಂಬ ಕಟ್ಟುಪಾಡು ಅದಕ್ಕಿತ್ತು. ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’ ಓದಿದವರಿಗೆ ಆ ಲೋಕದ ಪರಿಚಯವಿದೆ. ಒಲೆಯ ಮುಂದೆ ಹೇಳುವ ಬೇಟೆಯ ಕತೆಯಲ್ಲಿ ಗುರಿ ತಪ್ಪಿದ್ದು, ಹೆದರಿ ಮರ ಹತ್ತಿದ್ದು ಎಲ್ಲವೂ ಬರುತ್ತಿತ್ತು. ಕೇಳುವವರು ಈಡುಗಾರನನ್ನು ನೋಡಿ ನಗುತ್ತಲೂ ಇದ್ದರು. ನಳಿಗೆಯ ಚಿತ್ರದಲ್ಲಿ ಆ ನಗೆಗೆ ಎಡೆಯಿಲ್ಲ.

ಇನ್ನು ಅತ್ಯಂತ ಗಂಭೀರವಾದ ಮಾತು. ಈ ಶೋಕಿಯ ಪೆಟ್ಟು ಕಾಡುಪ್ರಾಣಿಗೆ ಎಷ್ಟು ಬೀಳುತ್ತದೆಯೋ ಕಾಡಂಚಿನ ರೈತನಿಗೂ ಅಷ್ಟೇ ಬೀಳುತ್ತದೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಗಳ ಹಿಂಡು ಗದ್ದೆಗೆ ನುಗ್ಗಿದರೆ ವರ್ಷದ ಅನ್ನ ಒಂದೇ ರಾತ್ರಿಯಲ್ಲಿ ಹೋಗುತ್ತದೆ. ಈ ಸಂಕಟ ನಿಜವಾದುದು. ಆದರೆ ಹಿಂಡಿನಲ್ಲಿ ಬರುವುದು ಹೆಣ್ಣು ಹಂದಿಗಳು ಮತ್ತು ಮರಿಗಳು. ಬೆಳೆದ ಗಂಡು ಬಹುಪಾಲು ಒಂಟಿ. ಚಿತ್ರಕ್ಕೆ ಬೇಕಾದುದು ಕೋರೆ ಮೆರೆಯುವ ಆ ಒಂಟಿ ಗಂಡು. ಅದನ್ನು ಕೊಂದರೆ ಹಿಂಡು ಕರಗುವುದಿಲ್ಲ. ಬೆಳೆ ಕಾಯುವವನು ಗದ್ದೆಯ ಮಾಳದಲ್ಲಿ ಕೂರುತ್ತಾನೆ, ಹಂದಿ ಓಡಿಹೋದರೆ ಅವನಿಗೆ ನೆಮ್ಮದಿ. ಚಿತ್ರ ತೆಗೆಯುವವನು ಕಾಡೊಳಗೆ ಹೋಗುತ್ತಾನೆ, ಹಂದಿ ಓಡಿಹೋದರೆ ಅವನಿಗೆ ನಷ್ಟ. ಇಬ್ಬರ ಕೈಯಲ್ಲಿಯೂ ಇರುವುದು ಕೋವಿಯೇ. ಇಬ್ಬರ ಕೆಲಸ ಒಂದೇ ಅಲ್ಲ.

ಕಾನೂನೂ ಸ್ಪಷ್ಟವಾಗಿದೆ. ಕೋವಿಯ ಪರವಾನಗಿ ಬೇರೆ, ಕೊಲ್ಲುವ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೆಯ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಬೇಟೆಯ ಪ್ರಯತ್ನವೂ ಬೇಟೆಯೇ. ನಿಂತ ಬೆಳೆಗೆ ಅಪಾಯ ಒದಗಿದಾಗ ಎರಡನೆಯ ಅನುಸೂಚಿಯ ಪ್ರಾಣಿಗಳ ವಿಷಯದಲ್ಲಿ ಅಧಿಕಾರಿಯ ಲಿಖಿತ ಆದೇಶ ಪಡೆಯಲು 11ನೆಯ ಕಲಂನಲ್ಲಿ ಅವಕಾಶವಿದೆ. 2022ರ ತಿದ್ದುಪಡಿ ಸಾಮಾನ್ಯ ಅಪರಾಧಗಳ ದಂಡದ ಮಿತಿಯನ್ನು 25,000 ರೂಪಾಯಿಯಿಂದ 1 ಲಕ್ಷಕ್ಕೆ ಏರಿಸಿತು. ಕೊಡಗಿನ ಕೋವಿಗೆ ಇರುವ ವಿನಾಯಿತಿಯನ್ನು 2029ರವರೆಗೆ ಮುಂದುವರಿಸಲಾಗಿದೆ. 2021ರಲ್ಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳುವ ವಿನಾಯಿತಿಯೇ ಹೊರತು ಬೇಟೆಯ ವಿನಾಯಿತಿಯಲ್ಲ. ಕೈಲ್‌ಪೋದ್‌ನಲ್ಲಿ ಹೂವಿಟ್ಟು ಪೂಜಿಸುವ ಆ ಕೋವಿಯ ಮೇಲೆ ಕ್ಯಾಮೆರಾ ಬಿಗಿದು ಸಾವನ್ನು ಮಾರುವವನು ಅವಮಾನಿಸುವುದು ಕಾಡನ್ನಷ್ಟೇ ಅಲ್ಲ.

ನಾಳೆ ಬೆಳೆ ನಾಶದ ಪರಿಹಾರಕ್ಕೆ ರೈತ ಅರ್ಜಿ ಹಿಡಿದು ನಿಂತಾಗ, ಬೆಳೆ ರಕ್ಷಣೆಯ ಕೋವಿಗೆ ಪರವಾನಗಿ ನವೀಕರಿಸಲು ಹೋದಾಗ, ಅಧಿಕಾರಿಯ ಕಣ್ಣ ಮುಂದೆ ಬರುವುದು ಯಾವ ಚಿತ್ರ? ಹಾಳಾದ ಗದ್ದೆಯದೋ, ಸತ್ತ ಮಿಕದ ಮೇಲೆ ಕಾಲಿಟ್ಟು ನಕ್ಕವರದೋ? ನಾಲ್ಕು ಜನರ ಮೋಜು ನಾನೂರು ಮನೆಗಳ ಅಳಲನ್ನು ಸುಳ್ಳು ಮಾಡಬಾರದು.

ಆದುದರಿಂದ ಕೆಲಸ ಗ್ರಾಮಸಭೆಯಿಂದಲೇ ಮೊದಲಾಗಲಿ. ಬೆಳೆ ರಕ್ಷಣೆಗೆ ಕೋವಿ ಪಡೆದವನು ಅದಕ್ಕೆ ಕ್ಯಾಮೆರಾ ಬಿಗಿಯುವಂತಿಲ್ಲವೆಂದು ಪರವಾನಗಿಯಲ್ಲಿಯೇ ಷರತ್ತು ವಿಧಿಸುವಂತೆ ಸರ್ಕಾರವನ್ನು ಒತ್ತಾಯಿಸಲಿ. ಬೇಟೆಯ ಚಿತ್ರದಿಂದ ಬರುವ ಹಣವನ್ನು ವನ್ಯಜೀವಿ ವ್ಯಾಪಾರದ ಹಣವೆಂದೇ ಕಾನೂನು ಪರಿಗಣಿಸಲಿ. ಎಲ್ಲಕ್ಕಿಂತ ಮೊದಲು, ಮೊಬೈಲಿಗೆ ಅಂಥ ತುಣುಕು ಬಂದಾಗ ಅದನ್ನು ಮುಂದಕ್ಕೆ ಕಳಿಸುವ ಬೆರಳು ತಡೆಯಲಿ. ಕುದುರೆ ಎಳೆಯುವ ಬೆರಳಿಗೆ ಬಲ ಬರುವುದು ಆ ಬೆರಳಿನಿಂದಲೇ.