ಇಂಟರ್‌ವಲ್ ಮಾತು: ಹೊಳೆಯಲ್ಲಿ ರೀಟೇಕ್ ಇಲ್ಲ

ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಈ ಪತ್ರಿಕೆ ಕೊಂಡು, ಮೊದಲು ನಡುಪುಟದ ಬಣ್ಣದ ಚಿತ್ರ ನೋಡಿ, ಆಮೇಲೆ ಬಸ್ಸು ಹೊರಡುವ ತನಕ ಈ ಮೂಲೆ ಓದುವ ಗೆಳೆಯರೇ, ಈ ವಾರ ಗಾಂಧಿನಗರದ ಸುದ್ದಿ ಇಲ್ಲ. ಯಾರ ಚಿತ್ರ ನೂರು ದಿನ, ಯಾರದು ಮೂರೇ ದಿನ ಎಂಬ ಲೆಕ್ಕವೂ ಇಲ್ಲ. ಈ ವಾರ ನಿಮ್ಮ ಅಂಕಣಕಾರನ ಸ್ವಂತ ಚಿತ್ರ! ಹೀರೋ ನಾನೇ. ವಿಲನ್ ಕೂಡ ನಾನೇ ಎಂಬುದು ಕ್ಲೈಮ್ಯಾಕ್ಸಿಗೆ ಮೊದಲೇ ಗೊತ್ತಾಗುತ್ತದೆ.

ನಮ್ಮಕ್ಕನನ್ನು ಕೊಟ್ಟಿರುವುದು ಮೆಟ್ರಿಗೆ. ಎರಡು ಮಕ್ಕಳು. ಹುಡುಗಿಗೆ ಒಂಬತ್ತು, ಹುಡುಗನಿಗೆ ಐದು. ನಿಮ್ಮಲ್ಲಿ ಯಾರಿಗೆ ಅಕ್ಕನ ಮಕ್ಕಳಿದ್ದಾರೋ ಅವರಿಗೆ ಗೊತ್ತು, ಬೇಸಿಗೆ ರಜೆ ಬಂತೆಂದರೆ ಸೋದರಮಾವನೇ ಟಾಕೀಸು, ಮಾವನೇ ಸರ್ಕಸ್ಸು. ಈ ಸಲ ಹುಡುಗ ಮೊಬೈಲಿನಲ್ಲಿ ಯಾವುದೋ ಚಿತ್ರದ ಹಾಡು ನೋಡಿದ್ದಾನೆ. ಏಳು ಅಂತಸ್ತಿನ ಹಡಗು, ಮೇಲೆ ಈಜುಕೊಳ, ಮುಂದೆ ತೆಂಗಿನ ಮರದ ದ್ವೀಪ! ಬಂದವನೇ ನನ್ನ ಅಂಗಿ ಹಿಡಿದು ಕೇಳಿದ:

"ಮಾಮಾ, ನಮ್ಮನ್ನ ಹಡಗಿನ್ಯಾಗ ದ್ವೀಪಕ್ಕ ಕರ್ಕೊಂಡು ಹೋಗ್ತೀ?"

"ಅದೇನು ದೊಡ್ಡದಲೇ, ಹೋಗಾಣು!" ಅಂದೆ. ಬಾಯಿಗೆ ಟಿಕೆಟ್ ಇಲ್ಲವಲ್ಲ!

ತಮಾಷೆ ಅಲ್ಲಿಗೇ ಮುಗಿಯಬೇಕಿತ್ತು. ಮರುದಿನ ಬೆಳಿಗ್ಗೆ ಅಕ್ಕ ಒಳಗಿನಿಂದ ಒಂದು ಡಬ್ಬಿ ತಂದು ಮುಂದಿಟ್ಟಳು. ಬೆಳೆ ಮಾರಿದಾಗಲೆಲ್ಲ ಭಾವ ಕೊಟ್ಟಿದ್ದರಲ್ಲಿ ಉಳಿಸಿದ ದುಡ್ಡು. "ತಮ್ಮಾ, ಮೂರು ವರ್ಷದ್ದು ಐತಿ. ನಾನೂ ಬರ್ತೀನಿ. ಹೊಳಿ ದಂಡಿ ಸೀಮ್ಯಾಗ ಹುಟ್ಟಿ ಒಂದಿನನೂ ದೋಣಿ ಹತ್ತಿಲ್ಲ ನಾನು. ಎಲ್ಲಿಗೆ ಅಂತ ನೀನ ನೋಡು," ಅಂದಳು.

ಡಬ್ಬಿ ನೋಡಿದ ಮೇಲೆ ನನ್ನ ಡೈಲಾಗು ನಿಂತುಹೋಯಿತು. ಈಗ ನಿಜವಾಗಿ ಲೆಕ್ಕ ಹಾಕಬೇಕು.

ಹಡಗಿನ ಹುಚ್ಚು ನಮಗೆ ಇಂದಿನದಲ್ಲ. 1978ರಲ್ಲಿ 'ಸಿಂಗಾಪುರದಲ್ಲಿ ರಾಜಾ ಕುಳ್ಳ' ಬಂದು, ವಿಷ್ಣುವರ್ಧನ್-ದ್ವಾರಕೀಶ್ ಜೋಡಿ ಸಮುದ್ರದಾಚೆಯ ಊರು ತೋರಿಸಿದಾಗಲೇ ನಮ್ಮ ಹಿರಿಯರು ಕಾಲು ಕೆರೆದುಕೊಂಡಿದ್ದರು. ಅದಕ್ಕೂ ಮೊದಲು 1965ರ 'ಮಿಸ್ ಲೀಲಾವತಿ'ಯಲ್ಲಿ ಕುವೆಂಪು ಅವರ ದೋಣಿ ಹಾಡು ಕೇಳಿ ಎಷ್ಟು ಜನ ಕನಸಿನಲ್ಲೇ ಹುಟ್ಟು ಹಾಕಿದರೋ! ಆ ಚಿತ್ರದ ಜಯಂತಿ ನಮ್ಮ ಬಳ್ಳಾರಿಯಲ್ಲೇ ಹುಟ್ಟಿದವರು. 2021ರಲ್ಲಿ ಅವರು ತೀರಿಕೊಂಡಾಗ ಈ ಸೀಮೆಯ ಹಳೆಯ ಅಭಿಮಾನಿಗಳು ಮೊದಲು ನೆನೆಸಿಕೊಂಡದ್ದೂ ಆ ದೋಣಿಯನ್ನೇ.

ಇರಲಿ. ನನ್ನ ಮುಂದೆ ಮೂರು ದಾರಿ ಇದ್ದವು.

ಮೊದಲನೆಯದು ಲಕ್ಷದ್ವೀಪ. ಒಟ್ಟು 36 ದ್ವೀಪ, ಜನವಸತಿ ಇರುವವು 10. ಅದರಲ್ಲಿ ಅಮಿನಿದಿವಿ ಗುಂಪಿನ ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು ಎಂದರೆ ನಂಬುತ್ತೀರಾ? ಈಗ ಕೊಚ್ಚಿಯಿಂದ ಹಡಗು ಹತ್ತಿದರೆ ದ್ವೀಪಕ್ಕೆ ತಕ್ಕಂತೆ ಹದಿನಾಲ್ಕರಿಂದ ಇಪ್ಪತ್ತು ತಾಸು. ಮುಂಬಯಿಯಿಂದ ಹೊರಡುವ ಮೋಜಿನ ಹಡಗುಗಳೂ ಬಂದಿವೆ. ಆದರೆ ಮನಸ್ಸು ಬಂದ ದಿನ ಬ್ಯಾಗು ಹೆಗಲಿಗೇರಿಸಿ ಹೊರಡುವ ಜಾಗವಲ್ಲ, ಮೊದಲೇ ಪ್ರವೇಶದ ಪರವಾನಗಿ ಬೇಕು. ಟಿಕೆಟ್ಟಿನ ಮೇಲೆ ಕಾಣುವ ರೇಟು ಒಂದು, ತೆರಿಗೆ, ಬಂದರಿನ ಶುಲ್ಕ, ದ್ವೀಪದಲ್ಲಿ ಇಳಿಸಿ ತೋರಿಸುವ ಖರ್ಚು ಎಲ್ಲ ಕೂಡಿದಾಗ ಇನ್ನೊಂದು. ದೊಡ್ಡ ಹಡಗು ದಡದ ತನಕ ಹೋಗದೆ ದೂರ ನಿಂತು, ಸಣ್ಣ ದೋಣಿಗೆ ಇಳಿಸುವುದೂ ಉಂಟು. ಅಲೆ ಎದ್ದರೆ ಇಳಿಯುವುದೇ ರದ್ದು! ಐದು ವರ್ಷದ ಹುಡುಗನಿಗೆ ಇದನ್ನು ಯಾರು ತಿಳಿಸಿ ಹೇಳುವುದು?

ಎರಡನೆಯದು ಮಲ್ಪೆಯ ಸೇಂಟ್ ಮೇರೀಸ್ ದ್ವೀಪ. ಉಡುಪಿಗೆ ರಾತ್ರಿ ಬಸ್ಸು, ಬೆಳಿಗ್ಗೆ ಕೃಷ್ಣನ ದರ್ಶನ, ಆಮೇಲೆ ಯಾಂತ್ರಿಕ ದೋಣಿ. ಯಾರೋ ಜೋಡಿಸಿಟ್ಟಂಥ ಕಲ್ಲಿನ ಕಂಬಗಳು, ಶಂಖ, ಚಿಪ್ಪು. ಮಕ್ಕಳಿಗೆ ಒಳ್ಳೆಯ ಜಾಗ. ಮಳೆಗಾಲದಲ್ಲಿ ಮಾತ್ರ ಸಮುದ್ರ ಒರಟು, ದೋಣಿ ಬಂದ್.

ಮೂರನೆಯದು ನಮ್ಮ ಹಿತ್ತಲಲ್ಲೇ ಇದೆ. ತುಂಗಭದ್ರೆ! ಆನೆಗುಂದಿಯ ದಡದಿಂದ ದೋಣಿ ಹತ್ತಿದರೆ ಹೊಳೆಯ ನಡುವೆ ನವ ಬೃಂದಾವನದ ನಡುಗಡ್ಡೆ. ಮಾಧ್ವ ಪರಂಪರೆಯ ಒಂಬತ್ತು ಯತಿಗಳ ಬೃಂದಾವನಗಳು ಅಲ್ಲಿವೆ, ವಿಜಯನಗರದ ಅರಸರು ತಲೆಬಾಗಿದ ವ್ಯಾಸರಾಯರದೂ ಅಲ್ಲಿಯೇ. 2019ರ ಜುಲೈಯಲ್ಲಿ ದುಷ್ಕರ್ಮಿಗಳು ಅದನ್ನು ಕೆಡವಿದಾಗ ಭಕ್ತರು ಕೂಡಿ ಕೆಲವೇ ದಿನದಲ್ಲಿ ಮತ್ತೆ ನಿಲ್ಲಿಸಿದರು. ಇನ್ನು ಹಂಪಿಯ ಬದಿಯಲ್ಲಿ ತೆಪ್ಪ. ಪುಟ್ಟಿ ಅನ್ನಿ, ಹರಿಗೋಲು ಅನ್ನಿ. ಸುಮಾರು 1520ರಲ್ಲಿ ಬಂದ ಪೋರ್ಚುಗೀಸ್ ವರ್ತಕ ಪಾಯಸ್ ಇದನ್ನು ನೋಡಿ ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯ ಹಾಗೆ ದುಂಡಗಿನ ದೋಣಿ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂಡಬಹುದು, ನೆಟ್ಟಗೆ ಹೋಗದೆ ಸುತ್ತುತ್ತಲೇ ಹೋಗುತ್ತದೆ ಎಂದು. ಐನೂರು ವರ್ಷವಾದರೂ ತೆಪ್ಪ ಸುತ್ತುವುದು ಬಿಟ್ಟಿಲ್ಲ!

ಈ ಮೂರನ್ನೂ ನಡುಮನೆಯಲ್ಲಿ ಕೂತು ವರ್ಣಿಸುತ್ತಿದ್ದೆ. ಹುಡುಗ ಕುಣಿಯುತ್ತಿದ್ದ. ಹುಡುಗಿ ಮಾತ್ರ ಗೋಡೆಗೆ ಒರಗಿ ಸುಮ್ಮನಿದ್ದಳು.

"ನಿಂಗ್ಯಾವುದು ಬೇಕವ್ವಾ?" ಅಂದಳು ಅಕ್ಕ.

"ನಂಗ ಯಾವುದೂ ಬ್ಯಾಡ. ನಾನು ಬರಂಗಿಲ್ಲ."

"ಯಾಕ?"

ಹುಡುಗಿ ನನ್ನ ಮುಖ ನೋಡಿದಳು. ನನ್ನ ಎದೆ ಧಸಕ್ಕೆಂದಿತು.

ಗೆಳೆಯರೇ, ಇಲ್ಲಿ ಫ್ಲ್ಯಾಶ್‌ಬ್ಯಾಕ್. ಮೂರು ವರ್ಷದ ಹಿಂದೆ ಇದೇ ಹುಡುಗಿಯನ್ನು ಹೊಳೆ ತೋರಿಸುತ್ತೇನೆಂದು ಕರೆದುಕೊಂಡು ಹೋಗಿದ್ದೆ. ಜೊತೆಗೆ ನನ್ನ ನಾಲ್ವರು ದೋಸ್ತರು. ಒಂದು ತೆಪ್ಪ ಹತ್ತಿದೆವು. ಜಾಕೆಟ್ ಹಾಕ್ಕೊಳ್ರಿ ಅಂದರೆ, ಅರ್ಧ ತಾಸಿಗೆ ಯಾಕ್ರೀ ಅಂದವನು ನಾನು. ನಡುಹೊಳೆಯಲ್ಲಿ ಮೊಬೈಲು ಎತ್ತಿ ಹಿಡಿದು, "ಗಿರಗಿರ ತಿರುಗಿಸಪಾ, ಸೀನು ಬರಬೇಕು!" ಎಂದು ಕೂಗಿದವನೂ ನಾನೇ. ತೆಪ್ಪ ಬುಗುರಿಯಾಯಿತು. ದೋಸ್ತನೊಬ್ಬ ಎದ್ದು ನಿಂತ. ಒಂದು ಕಡೆ ವಾಲಿತು. ಆರು ವರ್ಷದ ಕೂಸು ಅಂಚಿನ ಮೇಲೆ ಬಿದ್ದು ಸೊಂಟದ ತನಕ ಹೊರಗೆ! ಅಂಬಿಗ ಹುಟ್ಟು ಬಿಟ್ಟು ಅವಳ ಫ್ರಾಕು ಹಿಡಿದು ಎಳೆದುಕೊಂಡ. ನನ್ನ ಕೈ ಆಗಲೂ ಮೊಬೈಲು ಹಿಡಿದೇ ಇತ್ತು.

ಆತ ಬೈಯಲಿಲ್ಲ. ಹುಟ್ಟು ತಿರುಗಿ ಕೈಗೆತ್ತಿಕೊಂಡು ಒಂದೇ ಮಾತು ಅಂದ: "ಹೊಳೀಗೆ ನಿನ್ನ ಸಿನಿಮಾ ಗೊತ್ತಿಲ್ಲಪಾ."

ದಡಕ್ಕೆ ಬಂದ ಮೇಲೆ ಹುಡುಗಿಗೆ ಐಸ್‌ಕ್ರೀಮ್ ಕೊಡಿಸಿ, "ಅವ್ವಗ ಹೇಳಬ್ಯಾಡ" ಎಂದು ಭಾಷೆ ತೆಗೆದುಕೊಂಡೆ. ಮೂರು ವರ್ಷ ಅವಳು ಭಾಷೆ ಉಳಿಸಿದಳು. ಆ ಭಯವನ್ನೂ ಒಬ್ಬಳೇ ಇಟ್ಟುಕೊಂಡಳು.

ಅಂದು ನಡುಮನೆಯಲ್ಲಿ ಅವಳ ಬಾಯಿಂದ ಅದನ್ನು ಹೇಳಿಸುವುದು ನನಗೆ ಆಗಲಿಲ್ಲ. ನಾನೇ ಹೇಳಿದೆ. ಎಲ್ಲವನ್ನೂ. ಅಕ್ಕ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು, "ಅವತ್ತ ಹೇಳಿದ್ರ ನಾಕು ಮಾತು ಬೈತಿದ್ನಿ, ಮುಗೀತಿತ್ತು. ಕೂಸಿನ ಬಾಯಿ ಕಟ್ಟಿದ್ಯಲ್ಲೋ ತಮ್ಮಾ, ಅದಕ್ಕೇನು ಮಾಡ್ಲಿ?"

ಇದಕ್ಕೆ ಯಾವ ಸಂಭಾಷಣೆಕಾರನ ಹತ್ತಿರವೂ ಉತ್ತರ ಇಲ್ಲ.

ನೀರಿನ ಮುಂದೆ ಹೀರೋಗಿರಿ ಮಾಡಬೇಕೆನಿಸಿದಾಗ ನಾವು ಚಿತ್ರರಸಿಕರು ಒಂದು ದಿನವನ್ನು ನೆನೆಯಬೇಕು. 2016ರ ನವೆಂಬರ್ 7. ತಿಪ್ಪಗೊಂಡನಹಳ್ಳಿ ಜಲಾಶಯ. 'ಮಾಸ್ತಿಗುಡಿ'ಯ ಕ್ಲೈಮ್ಯಾಕ್ಸ್ ಚಿತ್ರೀಕರಣ. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಮೂವರಲ್ಲಿ ದುನಿಯಾ ವಿಜಯ್ ದಡ ಸೇರಿದರು. ಖಳನಟರಾದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಅಷ್ಟು ಗಟ್ಟಿಮುಟ್ಟಾದ ದೇಹಗಳು! ಕ್ಯಾಮೆರಾ ಓಡುತ್ತಲೇ ಇತ್ತು. ಶಾಟ್ ಸಿಕ್ಕಿತು, ಮನುಷ್ಯರು ಸಿಗಲಿಲ್ಲ.

ಇನ್ನೊಂದು ದಿನ 2019ರ ಜನವರಿ 21. ಕಾರವಾರದ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ. ತಿರುಗಿ ಬರುವಾಗ ಜನ ತುಂಬಿದ್ದ ದೋಣಿ ಮಗುಚಿ 16 ಜನ ಹೋದರು. ಅದರಲ್ಲಿ ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಮನೆಯ ಹಲವರು, ಮಕ್ಕಳು. ನಮ್ಮಂಥದೇ ಮನೆ. ಸಮುದ್ರ ನೋಡುವ ಆಸೆ ಹೊತ್ತು ಬಂದವರು.

ದೊಡ್ಡ ಹಡಗಾದರೆ ಚಿಂತೆ ಇಲ್ಲ ಅನ್ನುತ್ತೀರಾ? 1997ರ 'ಟೈಟಾನಿಕ್' ಚಿತ್ರವನ್ನು ನೀವು ಹೀರೋಯಿನ್‌ಗಾಗಿ ನಾಲ್ಕು ಸಲ ನೋಡಿರುತ್ತೀರಿ. ಐದನೆಯ ಸಲ ದೋಣಿಗಳನ್ನು ಎಣಿಸಿ. 1912ರಲ್ಲಿ ಆ ಹಡಗಿನಲ್ಲಿದ್ದವರು ಸುಮಾರು 2,200 ಜನ, ಜೀವರಕ್ಷಕ ದೋಣಿಗಳಲ್ಲಿ ಇದ್ದ ಜಾಗ 1,178 ಜನಕ್ಕೆ. ನೂರು ವರ್ಷದ ನಂತರ, 2012ರ ಜನವರಿಯಲ್ಲಿ, ಇಟಲಿಯ ಜಿಲ್ಯೋ ದ್ವೀಪದ ಬಳಿ ಕೋಸ್ಟಾ ಕಾಂಕೋರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಆ ಸಂಜೆ ಹತ್ತಿದವರಿಗೆ ಅಪಾಯ ಬಂದರೆ ಎಲ್ಲಿ ಸೇರಬೇಕೆಂಬ ತಾಲೀಮು ಇನ್ನೂ ಆಗಿರಲಿಲ್ಲ. ಈಗ ಹಡಗು ಹೊರಡುವ ಮೊದಲೇ, ಇಲ್ಲವೆ ಹೊರಟ ಕೂಡಲೇ, ಆ ತಾಲೀಮು ಆಗಲೇಬೇಕೆಂಬ ನಿಯಮ ಬಂದಿದೆ. ಹಡಗು ಹತ್ತುವ ಭಾಗ್ಯ ಬಂದರೆ ಊಟದ ಸಾಲಿಗೆ ಓಡುವ ಮೊದಲು ಮಕ್ಕಳ ಕೈ ಹಿಡಿದು ಆ ತಾಲೀಮಿಗೆ ಹೋಗಿ.

ಕೊನೆಗೆ ನಾವು ನವ ಬೃಂದಾವನವನ್ನೇ ಆರಿಸಿಕೊಂಡೆವು. ದುಡ್ಡು ಕಡಿಮೆ ಎಂದಷ್ಟೇ ಅಲ್ಲ. ಹೆದರಿದ ಹುಡುಗಿಯನ್ನು ಹದಿನಾಲ್ಕು ತಾಸು ಸಮುದ್ರದ ಮೇಲೆ ಕೂರಿಸಿದರೆ ನಡುವೆ ಇಳಿಯುವ ಹಾಗಿಲ್ಲ. ಇಲ್ಲಿ ಎದುರಿನ ದಡ ಕಣ್ಣಿಗೆ ಕಾಣುತ್ತದೆ.

ಈ ಸಲ ಮೊದಲ ಭಾನುವಾರ ನಾನೊಬ್ಬನೇ ಹೋದೆ. ಲೊಕೇಶನ್ ನೋಡದೆ ಯಾವ ಡೈರೆಕ್ಟರು ಷೂಟಿಂಗ್ ಇಡುತ್ತಾನೆ? ದಡದಲ್ಲಿ ಕೂತು ದೋಣಿಗೆ ಎಷ್ಟು ಜನ ಹತ್ತುತ್ತಾರೆ ಎಣಿಸಿದೆ. ಕೊನೆಯ ದೋಣಿ ಕತ್ತಲಾಗುವ ಮೊದಲು ಬರುತ್ತದೋ ಕೇಳಿದೆ. ಜಲಾಶಯದಿಂದ ನೀರು ಬಿಟ್ಟಿದ್ದಾರೋ ಕೇಳಿದೆ. ಇದು ದೊಡ್ಡ ಮಾತು ಗೆಳೆಯರೇ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಕಡಿದು ಗೇಟೇ ಕೊಚ್ಚಿ ಹೋದದ್ದನ್ನು ಈ ಭಾಗದವರು ಮರೆಯುವುದಿಲ್ಲ. ಮೇಲೆ ಗೇಟು ಎತ್ತಿದರೆ ಕೆಳಗೆ ಹೊಳೆಯ ಸ್ವಭಾವವೇ ಬೇರೆ. ಹೆಚ್ಚು ನೀರು ಬಿಟ್ಟಾಗ ಕಂಪ್ಲಿ ಸೇತುವೆಯೇ ಮುಳುಗುತ್ತದೆ, ಇನ್ನು ತೆಪ್ಪದ ಪಾಡೇನು? ಆಕಾಶ ತಿಳಿಯಾಗಿದೆ, ಮಳೆ ಇಲ್ಲ ಎಂದು ಮೋಸ ಹೋಗಬೇಡಿ. ಮಳೆ ಬಿದ್ದಿರುವುದು ಮಲೆನಾಡಿನಲ್ಲಿ, ನೀರು ಬರುವುದು ನಮ್ಮಲ್ಲಿಗೆ.

ಮುಂದಿನ ಭಾನುವಾರ ಮೆಟ್ರಿಯಿಂದ ಕಂಪ್ಲಿ, ಸೇತುವೆ ದಾಟಿ ಗಂಗಾವತಿ, ಅಲ್ಲಿಂದ ಆನೆಗುಂದಿ. ಹುಡುಗನಿಗೆ ತೊಡಿಸಿದ ಜಾಕೆಟ್ ದೊಡ್ಡದು. ಪರೀಕ್ಷೆ ಸುಲಭ: ಪಟ್ಟಿ ಬಿಗಿದು, ಭುಜದ ಹತ್ತಿರ ಹಿಡಿದು ಮೇಲೆತ್ತಿ. ಜಾಕೆಟ್ ಜಾರಿ ಕಿವಿಗೆ ಬಂದರೆ ಅದು ನೀರಿನಲ್ಲಿ ಮಗುವನ್ನು ಹಿಡಿಯುವುದಿಲ್ಲ, ಜಾಕೆಟ್ ತೇಲುತ್ತದೆ, ಮಗು ಜಾರುತ್ತದೆ. ಸಣ್ಣ ಅಳತೆಯದು ಸಿಗುವ ತನಕ ಎರಡು ದೋಣಿ ಬಿಟ್ಟೆವು. ಹಿಂದೆ ನಿಂತಿದ್ದ ನಮ್ಮಂಥ ಹುಡುಗರು ನಕ್ಕರು. ನಗಲಿ. ಮೂರು ವರ್ಷದ ಹಿಂದೆ ನಾನೂ ನಗುತ್ತಿದ್ದೆ.

ಹುಡುಗಿ ದಡದಲ್ಲೇ ನಿಂತಿದ್ದಳು. ನಾನು ಮೊಬೈಲು ತೆಗೆದು ಅವಳ ಕೈಗೆ ಕೊಟ್ಟೆ. "ಆಚೆ ದಡಕ್ಕ ಹೋಗೂತನ ನೀನ ಇಟ್ಕೋ. ನನ್ನ ಎರಡೂ ಕೈ ಖಾಲಿ," ಅಂದೆ. ಅವಳು ನನ್ನ ಎರಡೂ ಕೈ ನೋಡಿದಳು. ಆಮೇಲೆ ಒಂದನ್ನು ಹಿಡಿದುಕೊಂಡು ಹತ್ತಿದಳು. ನಡುವಿನಲ್ಲಿ ಕೂತೆವು, ಯಾರೂ ಎದ್ದು ನಿಲ್ಲಲಿಲ್ಲ. ಅಕ್ಕ ಒಮ್ಮೆ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮೂವತ್ತು ದಾಟಿದವಳು, ಮೊದಲ ಸಲ ದೋಣಿಯಲ್ಲಿ!

ನಡುಗಡ್ಡೆಯಲ್ಲಿ ಇಳಿದ ಮೇಲೆ ಹುಡುಗ ಸುತ್ತಲೂ ನೋಡಿ, "ಮಾಮಾ, ಇದು ಖರೇನ ದ್ವೀಪಾನಾ?" ಅಂದ.

"ಸುತ್ತ ನೀರು ಐತಿಲ್ಲ?" ಅಂದಳು ಹುಡುಗಿ. ನನಗಿಂತ ಮೊದಲು ಅವಳೇ.

ಡಬ್ಬಿಯಲ್ಲಿ ದುಡ್ಡು ಇನ್ನೂ ಉಳಿದಿದೆ. ಮಳೆಗಾಲ ಮುಗಿದ ಮೇಲೆ ಮಲ್ಪೆಗೆ ಹೋಗೋಣ ಅಂದಿದ್ದಾಳೆ ಅಕ್ಕ. ಹುಡುಗಿ ಇನ್ನೂ ಹೂಂ ಅಂದಿಲ್ಲ, ಊಹೂಂ ಅಂತಲೂ ಅಂದಿಲ್ಲ. ನಾನು ಒತ್ತಾಯ ಮಾಡಿಲ್ಲ.

ನಿಮ್ಮ ಮನೆಗೂ ರಜೆಗೆ ಅಕ್ಕನ ಮಕ್ಕಳು ಬರುತ್ತಾರೆ. ನೀರಿನ ಹತ್ತಿರ ಕರೆದುಕೊಂಡು ಹೋಗುವಿರಾದರೆ ಮೊಬೈಲನ್ನು ಮೊದಲು ಜೇಬಿಗೆ ಹಾಕಿ. ಏನಾದರೂ ಎಡವಟ್ಟಾದರೆ ಅದೇ ಸಂಜೆ ಅಕ್ಕನಿಗೆ ಹೇಳಿ, ನಾಲ್ಕು ಮಾತು ಬೈಸಿಕೊಳ್ಳಿ. ಬೈಗುಳ ಊಟದ ಹೊತ್ತಿಗೆ ಮುಗಿಯುತ್ತದೆ.

ಬೆಲ್ಲಾಯಿತು, ಕಂಡಕ್ಟರು ಶಿಳ್ಳೆ ಹಾಕುತ್ತಿದ್ದಾನೆ. ಮುಂದಿನ ವಾರ ಮತ್ತೆ ಇಂಟರ್‌ವಲ್‌ನಲ್ಲಿ ಸಿಗೋಣ.