ಹೆಪ್ಪಿಗೆ ಬರುತ್ತದೆಯೇ?

ನಮ್ಮ ಭಾವನವರಿಗೆ ಹಾಲು ಆಗಿಬರುವುದಿಲ್ಲ. ಮದುವೆಮನೆಯಲ್ಲಿ ಒಂದು ಲೋಟ ಬಾದಾಮಿ ಹಾಲು ಕುಡಿದರೆ ಸಾಕು, ಗಂಟೆಯೊಳಗೆ ಹೊಟ್ಟೆ ಗುಡುಗುಡು ಎನ್ನತೊಡಗುತ್ತದೆ. ಈಚೆಗೆ ವೈದ್ಯರು ಅದಕ್ಕೆ ‘ಲ್ಯಾಕ್ಟೋಸ್ ಅಸಹಿಷ್ಣುತೆ’ ಎಂದು ಹೆಸರು ಹೇಳಿದರು. ಅಂದಿನಿಂದ ಅವರ ತಟ್ಟೆಗೆ ಮನೆಯ ಮೊಸರೂ ಬಂದ್. ಫ್ರಿಜ್ಜಿನಲ್ಲಿ ‘ಪ್ರೊಬಯಾಟಿಕ್’ ಎಂದು ದಪ್ಪಕ್ಷರದಲ್ಲಿ ಅಚ್ಚಾದ ಪುಟ್ಟ ಡಬ್ಬಿಗಳು ಸಾಲಾಗಿ ಕೂತಿವೆ. “ಇದು ಮೊಸರಲ್ಲ, ಯೋಗರ್ಟ್” ಎನ್ನುತ್ತಾರೆ ಭಾವ, ಗಂಭೀರವಾಗಿ.

ಲ್ಯಾಕ್ಟೋಸ್ ಎಂದರೆ ಹಾಲಿನ ಸಕ್ಕರೆ. 100 ಮಿಲಿ ಹಸುವಿನ ಹಾಲಿನಲ್ಲಿ ಸುಮಾರು 5 ಗ್ರಾಂ ಇರುತ್ತದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಹಾಲುಗೂಸಿನ ಸಣ್ಣ ಕರುಳಿನಲ್ಲಿ ಧಾರಾಳ. ಬೆಳೆಯುತ್ತ ಹೋದಂತೆ ಹೆಚ್ಚಿನವರಲ್ಲಿ ಅದು ಇಳಿಯುತ್ತದೆ. ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಜಾರಿ, ಅಲ್ಲಿ ನೀರೆಳೆದು, ಅಲ್ಲಿನ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ವಾಯುವಾಗುತ್ತದೆ. ಉಬ್ಬರ, ಭೇದಿ ಎಲ್ಲ ಅದರದ್ದೇ. ಜಗತ್ತಿನ ವಯಸ್ಕರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಈ ಕಿಣ್ವ ಕಡಿಮೆ. ನಮ್ಮ ದೇಶದಲ್ಲಿ ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೆಚ್ಚು ಮಂದಿಗೆ. ಇಷ್ಟು ಜನರಿಗಿರುವುದನ್ನು ರೋಗ ಎನ್ನಲು ನನಗಂತೂ ನಾಲಿಗೆ ಏಳುವುದಿಲ್ಲ.

ಹಾಗಾದರೆ ಹಾಲು ಒಗ್ಗದವರಿಗೆ ಮೊಸರು ಒಗ್ಗುವುದು ಹೇಗೆ? ಹೆಪ್ಪಾಗುವಾಗ ಸ್ವಲ್ಪ ಸಕ್ಕರೆ ಹುಳಿಯಾಗಿ ಖರ್ಚಾಗುತ್ತದೆ, ನಿಜ. ಆದರೆ ಬಹುಪಾಲು ಹಾಗೇ ಉಳಿದಿರುತ್ತದೆ. ಸ್ವಾರಸ್ಯ ಇರುವುದು ಮುಂದೆ. ಮೊಸರಿನ ಬ್ಯಾಕ್ಟೀರಿಯಾಗಳ ಒಡಲಲ್ಲೇ ಲ್ಯಾಕ್ಟೋಸ್ ಒಡೆಯುವ ಕಿಣ್ವವಿದೆ. ಜಠರದ ಆಮ್ಲದಲ್ಲಿ, ಹುಳಿಯ ತೀಕ್ಷ್ಣತೆ ತಗ್ಗಿಸುವ ಮೊಸರಿನ ಗುಣವೇ ಅವಕ್ಕೆ ಕಂಬಳಿ. ಹಾಗೆ ದಾಟಿ ಸಣ್ಣ ಕರುಳಿಗೆ ಬಂದಾಗ ಪಿತ್ತರಸ ತಾಗಿ ಅವುಗಳ ಪೊರೆ ಸಡಿಲವಾಗುತ್ತದೆ; ಒಳಗಿನ ಕಿಣ್ವ ನಮ್ಮ ಕೆಲಸಕ್ಕೆ ನಿಲ್ಲುತ್ತದೆ. ತಿನ್ನುವವನ ಬಳಿ ಇಲ್ಲದ ಸಲಕರಣೆಯನ್ನು ತಿನಿಸೇ ಹೊತ್ತು ತರುತ್ತದೆ. ಮೊಸರು ನಿಧಾನವಾಗಿ ಕೆಳಗಿಳಿಯುವುದೂ ಅನುಕೂಲವೇ. 1984ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಪ್ರಯೋಗದಿಂದ ತೋರಿಸಿದ್ದರು.

ಡಬ್ಬಿಯವರು ಹೇಳದ ಒಂದು ಸಂಗತಿ ಇದೆ. ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ ಪ್ರೊಬಯಾಟಿಕ್ ಕಂಪನಿಗಳ ನೂರಾರು ಆರೋಗ್ಯ ಹೇಳಿಕೆಗಳನ್ನು ಪುರಾವೆ ಸಾಲದೆಂದು ತಳ್ಳಿಹಾಕಿತು. 2010ರಲ್ಲಿ ಅದು ಒಪ್ಪಿದ್ದು ಈ ಲ್ಯಾಕ್ಟೋಸ್ ಜೀರ್ಣದ ಮಾತನ್ನು. ಅದೂ ಹೊಸ ತಳಿಗಳಿಗಲ್ಲ, ಯೋಗರ್ಟನ್ನು ಯೋಗರ್ಟ್ ಮಾಡುವ ಎರಡು ಮಾಮೂಲಿ ಬ್ಯಾಕ್ಟೀರಿಯಾಗಳಿಗೆ. ಷರತ್ತು: ಅವು ಜೀವಂತವಾಗಿರಬೇಕು, ಗ್ರಾಂ ಒಂದಕ್ಕೆ ಕನಿಷ್ಠ 10 ಕೋಟಿ. ಆ ಎರಡರಲ್ಲಿ ಒಂದನ್ನು 1905ರಲ್ಲಿ ಜಿನೀವಾದಲ್ಲಿ ಕಂಡುಹಿಡಿದವನು ಬಲ್ಗೇರಿಯಾದ ವೈದ್ಯಕೀಯ ವಿದ್ಯಾರ್ಥಿ ಸ್ಟಾಮೆನ್ ಗ್ರಿಗೊರೋವ್. ಊರಿನ ಮೊಸರನ್ನೇ ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದ.

ಹಾಗೆಂದು ‘ನಮ್ಮ ಹಿರಿಯರಿಗೆ ಎಲ್ಲ ಗೊತ್ತಿತ್ತು’ ಎಂದು ಮೀಸೆ ತಿರುವಲು ನಾನು ಸಿದ್ಧನಿಲ್ಲ. ಮನೆಯ ಹೆಪ್ಪಿನಲ್ಲಿ ಯಾವ ಯಾವ ಜೀವಿಗಳು, ಎಷ್ಟೆಷ್ಟು ಎಂಬುದು ಮನೆಗೊಂದು ಬಗೆ. ಮಜ್ಜಿಗೆ ಹುಳಿ ಕುದಿಸಿದರೆ ಅವೆಲ್ಲ ಸತ್ತವೇ. ರುಚಿ ಉಳಿಯುತ್ತದೆ, ಈ ಸಹಾಯ ಉಳಿಯುವುದಿಲ್ಲ. ನೀರು ಮಜ್ಜಿಗೆಯಲ್ಲಿ ಸಕ್ಕರೆಯೂ ತೆಳು, ಸಹಾಯವೂ ತೆಳು. ಇನ್ನು ಹಾಲಿನ ಅಲರ್ಜಿಯೇ ಬೇರೆ. ಅದು ಹಾಲಿನ ಪ್ರೋಟೀನಿನ ಜಗಳ. ಅಂಥವರು ಈ ಅಂಕಣ ನಂಬಿ ಮೊಸರು ಮುಟ್ಟಬಾರದು.

2023ರ ಮಾರ್ಚ್‌ನಲ್ಲಿ ನಂದಿನಿ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಅಚ್ಚು ಹಾಕಬೇಕೆಂಬ ಆದೇಶಕ್ಕೆ ನಾವು ಎಷ್ಟು ಕೂಗಾಡಿದೆವು! ಆ ಕೂಗಾಟದಲ್ಲಿ ನಾನೂ ಇದ್ದೆ, ಆದೇಶ ವಾಪಸಾದಾಗ ಹಿಗ್ಗಿದೆ ಕೂಡ. ಹೊರಗಿನ ಹೆಸರಿಗೆ ಅಷ್ಟು ಕಾದಾಡಿದವರು ಒಳಗಿರುವುದು ಜೀವಂತವೇ ಎಂದು ಮಾತ್ರ ಕೇಳಲಿಲ್ಲ.

ಕೇಳಲು ಪ್ರಯೋಗಾಲಯ ಬೇಡ. ಲೆಕ್ಕ ಸಿಗದಿದ್ದರೂ ಜೀವ ಇದೆಯೋ ಇಲ್ಲವೋ ತಿಳಿಯುವ ಉಪಾಯ ಅಡುಗೆಮನೆಯಲ್ಲೇ ಇದೆ: ಅದು ಹೆಪ್ಪಿಗೆ ಬರುತ್ತದೆಯೇ? ಭಾನುವಾರ ರಾತ್ರಿ ಭಾವನ ಮನೆಯಲ್ಲಿ ಉಗುರುಬೆಚ್ಚಗಿನ ಹಾಲನ್ನು ಮೂರು ಬಟ್ಟಲಿಗೆ ಹಾಕಿದೆವು. ಒಂದಕ್ಕೆ ಅಕ್ಕನ ಮೊಸರು, ಒಂದಕ್ಕೆ ಫ್ರಿಜ್ಜಿನ ಡಬ್ಬಿಯದು, ಇನ್ನೊಂದಕ್ಕೆ ಫ್ರಿಜ್ಜೇ ಬೇಡ ಎಂದು ಬರೆದಿದ್ದ ಮಾವಿನ ರುಚಿಯ ಡಬ್ಬಿಯದು, ಒಂದೊಂದು ಚಮಚ. ಬೆಳಿಗ್ಗೆ ಮೊದಲೆರಡು ಗಟ್ಟಿಯಾಗಿದ್ದವು. ಮೂರನೆಯದು ಮಾವಿನ ವಾಸನೆಯ ಹಾಲಾಗಿಯೇ ಉಳಿದಿತ್ತು.

ಭಾವ ಮೂರೂ ಬಟ್ಟಲನ್ನು ಓರೆ ಮಾಡಿ ಮತ್ತೆ ಮತ್ತೆ ನೋಡಿದರು. ಮಧ್ಯಾಹ್ನ ಅನ್ನಕ್ಕೆ ಅರ್ಧ ಬಟ್ಟಲು ಅಕ್ಕನ ಮೊಸರು ಕಲಸಿಕೊಂಡರು. ಸಂಜೆ ಫೋನ್ ಮಾಡಿ ಕೇಳಿದೆ. “ಸದ್ದಿಲ್ಲ ಕಣಯ್ಯಾ” ಎಂದರು.